ಬೆಳಿಗ್ಗೆ ಮೀನು ಬಾಯಿ ಬಡಿಯುತ್ತವೆ, ಮಧ್ಯಾಹ್ನ ಪಿಎಚ್ 9.2: ಮದಗಕ್ಕೆ ಸುಣ್ಣ ಹಾಕಬಹುದಾ?

ಹಿರಿಯಡ್ಕದ ತೋಟ: ನಮ್ಮ ಅಡಿಕೆ ತೋಟದ ತಗ್ಗಿನಲ್ಲಿ ಹಳೇ ಮದಗ ಉಂಟು. ನಾಲ್ಕಡಿ ನೀರು, ಸುತ್ತ ಮುರಕಲ್ಲಿನ ಕಟ್ಟೆ. ಕಾಟ್ಲಾ, ರೋಹು ಬಿಟ್ಟಿದ್ದೇವೆ. ಮಾರ್ಚ್‌ನಿಂದ ನೀರು ಹೆಸರುಕಾಳು ರುಬ್ಬಿ ಕದಡಿದ ಹಾಗೆ. ಕೈ ಮೊಣಕೈವರೆಗೆ ಇಳಿಸಿದರೆ ಬೆರಳು ಕಾಣುವುದಿಲ್ಲ. ಬೆಳಿಗ್ಗೆ ಆರಕ್ಕೆ ಮೀನೆಲ್ಲ ಮೇಲೆ. ನಿನ್ನೆ ಏಳು ಸತ್ತವು. ಪಿಎಚ್ ಬೆಳಿಗ್ಗೆ 6.8, ಮಧ್ಯಾಹ್ನ ಮೂರಕ್ಕೆ 9.2. ಕ್ಷಾರೀಯತೆಯ ಕಿಟ್‌ನಲ್ಲಿ ಮೊದಲ ಹನಿಗೇ ಬಣ್ಣ ಬದಲಾಯಿತು. ಸುಣ್ಣ ತಂದಿಟ್ಟಿದ್ದೇನೆ.

ಕಾವೂರಿನವ: ಈಗ ಹಾಕಬೇಡಿ ಮಾರಾಯ್ರೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾದಲ್ಲಿ ವಿಷದ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದೂ ಇಲ್ಲ. 9ಕ್ಕೆ ಏರಿದರೆ ಮೂರರಲ್ಲೊಂದು ಮೀರುತ್ತದೆ. ಸುಟ್ಟ ಸುಣ್ಣ ಪಿಎಚ್ ಅನ್ನು ಇನ್ನೂ ಏರಿಸುತ್ತದೆ. ಹಗಲು ಪಾಚಿ ನೀರಿನ ಇಂಗಾಲಾಮ್ಲ ಹೀರುವುದರಿಂದ ಪಿಎಚ್ ಏರುವುದು. ನಮ್ಮ ಮುರಕಲ್ಲಿನ ನೀರಿಗೆ ಅದನ್ನು ತಡೆಯುವ ಕ್ಷಾರ ಕಡಿಮೆ, ನಿಮ್ಮ ಕಿಟ್‌ನಲ್ಲಿ ಮೊದಲ ಹನಿಗೇ ಬಣ್ಣ ಬದಲಾದದ್ದು ಅದಕ್ಕೇ. ರಾತ್ರಿ ಅದೇ ಪಾಚಿ ಆಮ್ಲಜನಕ ತಿನ್ನುತ್ತದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಮನೆಯಲ್ಲಿದ್ದರೆ, ಪಾಚಿ ಕೊಲ್ಲಲೆಂದು ಅದನ್ನೂ ಮುಟ್ಟಬೇಡಿ. ಇಂಥ ಮೆದು ನೀರಲ್ಲಿ ಅದರ ತಾಮ್ರ ಮೀನಿಗೇ ವಿಷ, ಪಾಚಿ ಒಟ್ಟಿಗೇ ಸತ್ತು ಕೊಳೆತರೆ ಉಳಿದ ಆಮ್ಲಜನಕವೂ ಹೋಯಿತು. ಹಟ್ಟಿ ನೀರು ಎಲ್ಲಿಗೆ ಹೋಗುತ್ತದೆ?

ಹಿರಿಯಡ್ಕದ ತೋಟ: ತೋಟಕ್ಕೆ. ಗೋಬರ್ ಗ್ಯಾಸಿನ ಸ್ಲರಿ ಗುಂಡಿ ಮಳೆಗಾಲದಲ್ಲಿ ತುಂಬಿ ಮದಗಕ್ಕೆ ಇಳಿದದ್ದು ಹೌದು. ಆದರೆ ನವೆಂಬರ್‌ನಿಂದ ಒಂದು ಹನಿಯೂ ಇಳಿದಿಲ್ಲ. ಮತ್ತೆ ಈ ಪಾಚಿಗೆ ಗೊಬ್ಬರ ಎಲ್ಲಿಂದ?

ಕಾವೂರಿನವ: ಅಡಿಯ ಕೆಸರಿನಿಂದ. ಸ್ಲರಿಯ ರಂಜಕವನ್ನು ಕೆಸರಿನ ಕಬ್ಬಿಣ ಹಿಡಿದಿಟ್ಟಿರುತ್ತದೆ, ನಮ್ಮ ಮಣ್ಣಲ್ಲಿ ಕಬ್ಬಿಣ ಧಾರಾಳ. ಆದರೆ ತಳದಲ್ಲಿ ಆಮ್ಲಜನಕ ಮುಗಿದರೆ ಆ ಹಿಡಿತ ಬಿಡುತ್ತದೆ. ಆಳದ ಕೆರೆಯಲ್ಲಾದರೆ ಬಿಟ್ಟದ್ದು ಬಹುಪಾಲು ಕೆಳಗೇ ಉಳಿಯುತ್ತದೆ. ನಾಲ್ಕಡಿ ನೀರಲ್ಲಿ ಒಂದು ಗಾಳಿ ಬೀಸಿದರೆ ಸಾಕು, ಮೇಲಕ್ಕೆ ಬಂತು. 1973ರಲ್ಲಿ ಕೆನಡಾದ 226ನೇ ಸರೋವರವನ್ನು ಪರದೆ ಹಾಕಿ ಎರಡು ಮಾಡಿ, ಎರಡೂ ಕಡೆ ಸಾರಜನಕ, ಇಂಗಾಲ ಕೊಟ್ಟು ಒಂದು ಕಡೆ ಮಾತ್ರ ರಂಜಕ ಸೇರಿಸಿದರು. ಹಸಿರಾದದ್ದು ಆ ಅರ್ಧ.

ಸದ್ಯ ಮೀನಿಗೆ ತಿಂಡಿ ನಿಲ್ಲಿಸಿ, ರಾತ್ರಿ ನೀರು ಮೇಲಿಂದ ಬೀಳುವ ಹಾಗೆ ಮಾಡಿ. ಮೇ ತಿಂಗಳಲ್ಲಿ ಹೂಳೆತ್ತಿ ಅಡಿಕೆ ಬುಡಕ್ಕೆ ಹಾಕಿ; ಮಳೆಗೆ ಮೊದಲು ಸ್ಲರಿ ಗುಂಡಿಗೆ ಬದು ಕಟ್ಟಲೇಬೇಕು, ಇಲ್ಲದಿದ್ದರೆ ಎಲ್ಲ ದಂಡ. ಹೂಳು ಎಷ್ಟುಂಟು, ಕೋಲು ಇಳಿಸಿ ನೋಡಿ ಹೇಳಿ.

ಹಿರಿಯಡ್ಕದ ತೋಟ: ರಾತ್ರಿ ಎರಡಕ್ಕೆ ಪಂಪು ಹಾಕಿ ಸ್ಪ್ರಿಂಕ್ಲರ್‌ನಲ್ಲಿ ಮದಗದ ನೀರನ್ನು ಮದಗಕ್ಕೇ ಹಾರಿಸಿದೆ. ಬೆಳಿಗ್ಗೆ ಮೀನೆಲ್ಲ ನೀರು ಬೀಳುವ ಮೂಲೆಯಲ್ಲಿ ಗುಂಪು ಕಟ್ಟಿದ್ದವು, ಒಂದೂ ಸತ್ತಿಲ್ಲ. ಕೋಲು ಮೊಣಕಾಲುದ್ದ ಹೂಳಿಗೆ ಇಳಿಯಿತು. ಎತ್ತಿದರೆ ತುದಿ ಕರಿ, ಕೊಳೆತ ಮೊಟ್ಟೆಯ ವಾಸನೆ.