ಮೊದಲ ಸಲ ಇಂಡಿ ರಾಕ್ ಶೋ, ಎಲ್ಲಿ ನಿಲ್ಲೋದು?

ಬನಶಂಕರಿ_ಬಸ್: ಶನಿವಾರ ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ಇಂಡಿ ರಾಕ್ ಬ್ಯಾಂಡಿನ (ದೊಡ್ಡ ಮ್ಯೂಸಿಕ್ ಕಂಪನಿಗಳ ಹಂಗಿಲ್ಲದೆ ತಮ್ಮದೇ ಹಾಡು ಕಟ್ಟುವವರಂತೆ) ಶೋ ಇದೆ. ಗೆಳತಿ ನನ್ನನ್ನು ಕೇಳದೆ ಟಿಕೆಟ್ ತೆಗೆದುಬಿಟ್ಟಿದ್ದಾಳೆ. ನಾನು ಇಲ್ಲಿವರೆಗೆ ಕೇಳಿದ್ದು ಚಾಮರಾಜಪೇಟೆಯ ರಾಮನವಮಿ ಕಛೇರಿ, ಗಣೇಶನ ಆರ್ಕೆಸ್ಟ್ರಾ ಅಷ್ಟೇ. ಅವಳಿಗೆ ಸ್ಟೇಜ್ ಮುಂದೆಯೇ ನಿಲ್ಲಬೇಕಂತೆ. ನನಗೋ ಸದ್ದು ಜಾಸ್ತಿಯಾದರೆ ಕಿವಿ ಗುಂಯ್ ಅನ್ನುತ್ತದೆ. ವಾಪಸ್ ಬನಶಂಕರಿಗೆ ಬೇರೆ ಬರಬೇಕು.

ಬೇಸ್_ಗಿಟಾರ್: ಮುಂದೆ ನಿಂತರೆ ಡ್ರಮ್ಸ್ ಎದೆಗೇ ಬಡಿಯುತ್ತದೆ, ಹಾಡಿನ ಸಾಲು ಮಾತ್ರ ಸರಿಯಾಗಿ ಕೇಳಿಸಲ್ಲ. ಸೌಂಡ್ ಮಿಕ್ಸರ್ ಇಟ್ಟಿರುತ್ತಾರಲ್ಲ, ಅದರ ಪಕ್ಕ ನಿಲ್ಲಿ. ಇಂಜಿನಿಯರ್ ತನ್ನ ಕಿವಿಗೆ ಹಿಡಿಸುವಂತೆ ತಾನೇ ಸದ್ದು ಹೊಂದಿಸೋದು? ಸ್ಪೀಕರ್ ಎದುರು ಮಾತ್ರ ಬೇಡ. ಮೆಡಿಕಲ್ ಶಾಪಿನಲ್ಲಿ ಫೋಮ್ ಇಯರ್‌ಪ್ಲಗ್ ಸಿಗುತ್ತದೆ, ತಗೊಳ್ಳಿ.

ಹಳೇ_ಕ್ಯಾಸೆಟ್: ಗೆಳತಿ ಮುಂದೆ ಹೋಗಲಿ ಬಿಡಿ, ಜೊತೆಗೆ ಹೋದವರು ಅಂಟಿಕೊಂಡೇ ಇರಬೇಕಾ? ಈ ಊರಿಗೆ ರಾಕ್ ಹೊಸದೇನಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ಇಲ್ಲೇ 1996ರಲ್ಲಿ ಶುರುವಾದ ಬ್ಯಾಂಡು. ಹೋಗುವ ಮುಂಚೆ ನಿಮ್ಮ ಬ್ಯಾಂಡಿನ ಎರಡು ಮೂರು ಹಾಡು ಕೇಳಿಕೊಂಡು ಹೋಗಿ.

ಪರ್ಪಲ್_ಲೈನ್: ವಾಪಸ್ ಬರೋಕೆ ಇಂದಿರಾನಗರದಲ್ಲಿ ಮೆಟ್ರೋ ಪರ್ಪಲ್ ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಗ್ರೀನ್ ಲೈನ್ ಹಿಡಿದರೆ ನೇರ ಬನಶಂಕರಿ. ಕೊನೆಯ ರೈಲಿನ ಸಮಯ ಮೊದಲೇ ನೋಡಿಕೊಳ್ಳಿ. 'ಒನ್ಸ್ ಮೋರ್' ಶುರುವಾದರೆ ಗೆಳತಿ ಕದಲಲ್ಲ!