ಡಿಯುಐ ಇದ್ದವರು ಸ್ಟಾಂಪಿಂಗಿಗೆ ಹೊರಡುವ ಮುನ್ನ

ಅಮೆರಿಕದಲ್ಲಿ ಕುಡಿದು ಗಾಡಿ ಓಡಿಸಿ (ಅಲ್ಲಿ ಇದಕ್ಕೆ ಡಿಯುಐ ಅಂತಾರೆ) ಒಮ್ಮೆ ಅರೆಸ್ಟ್ ಆಗಿದ್ದರೆ, ಕೋರ್ಟಿನಲ್ಲಿ ಕೇಸು ಹೇಗೇ ಮುಗಿದಿರಲಿ, ವೀಸಾ ಸ್ಟಾಂಪಿಂಗಿನ, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದರ ಲೆಕ್ಕವೇ ಬೇರೆ. ವೀಸಾ ಅರ್ಜಿಯಾದ ಡಿಎಸ್-160 ಫಾರ್ಮು ಶಿಕ್ಷೆಯ ಬಗ್ಗೆ ಮಾತ್ರ ಕೇಳುವುದಿಲ್ಲ, ಎಂದಾದರೂ ಅರೆಸ್ಟ್ ಆಗಿದ್ದೀರಾ ಎಂದೂ ಕೇಳುತ್ತದೆ. ಕೇಸು ವಜಾ ಆಗಿದ್ದರೂ, ರೆಕ್‌ಲೆಸ್ ಡ್ರೈವಿಂಗಿಗೆ ಇಳಿದಿದ್ದರೂ ಉತ್ತರ ‘ಹೌದು’. ಕೆಳಗಿನ ಜಾಗದಲ್ಲಿ ತಾರೀಖು, ಕೌಂಟಿ, ಚಾರ್ಜ್, ತೀರ್ಪು ಇಷ್ಟನ್ನು ಬರೆಯಿರಿ, ಸಮಜಾಯಿಷಿ ಬೇಡ. ಬೆರಳಚ್ಚಿನಿಂದ ವಿಷಯ ಹೇಗೂ ಹೊರಬೀಳುತ್ತದೆ. ಒಂದು ಸಾದಾ ಡಿಯುಐಯಿಂದ ಸಾಮಾನ್ಯವಾಗಿ ವೀಸಾ ಕಾಯಂ ಆಗಿ ತಪ್ಪುವುದಿಲ್ಲ, ಮುಚ್ಚಿಟ್ಟರೆ ತಪ್ಪಬಹುದು.

ಹಲವರಿಗೆ ತಿಳಿಯದ ಮಾತೊಂದಿದೆ. ಕಳೆದ 5 ವರ್ಷದೊಳಗಿನ ಅರೆಸ್ಟ್ ಕಂಡರೆ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನೇ ರದ್ದು ಮಾಡಬಹುದು. ನೋಟಿಸ್ ಸಾಮಾನ್ಯವಾಗಿ ಇಮೇಲಿಗೆ ಬರುತ್ತದೆ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಅಷ್ಟರಿಂದಲೇ ಅಲ್ಲಿನ ಕೆಲಸ, ಮಕ್ಕಳ ಶಾಲೆ ನಿಲ್ಲುವುದಿಲ್ಲ, ಅಲ್ಲಿ ಎಷ್ಟು ದಿನ ಇರಬಹುದು ಎಂಬ ದಾಖಲೆಯಾದ ಐ-94 ಹಾಗೇ ಇರುತ್ತದೆ. ಆದರೆ ಒಮ್ಮೆ ದೇಶ ಬಿಟ್ಟರೆ ಹೊಸ ವೀಸಾ ಇಲ್ಲದೆ ವಾಪಸ್ ಬರುವಂತಿಲ್ಲ. ಸ್ಟಾಂಪಿನ ತಾರೀಖು ಇನ್ನೂ ಮುಗಿದಿಲ್ಲ ಅಂತ ನಂಬಿ ಹೊರಟವರನ್ನು ಮರಳುವಾಗ ಏರ್‌ಲೈನ್ ಕೌಂಟರಿನಲ್ಲೇ ತಡೆಯುತ್ತಾರೆ.

ಹೆಚ್ಚು ದಿನ ತಿನ್ನುವುದು ಮೆಡಿಕಲ್. 5 ವರ್ಷದೊಳಗೆ ಒಂದು ಅರೆಸ್ಟ್, ಅಥವಾ 10 ವರ್ಷದೊಳಗೆ ಎರಡು ಇದ್ದರೆ ವೀಸಾ ಅಧಿಕಾರಿ ನಿಮ್ಮನ್ನು ಪ್ಯಾನೆಲ್ ಡಾಕ್ಟರ (ಕಾನ್ಸುಲೇಟ್ ಗೊತ್ತುಮಾಡಿದ ಡಾಕ್ಟರು) ಬಳಿ ಕಳಿಸಲೇಬೇಕು. ಇಂಟರ್‌ವ್ಯೂನಲ್ಲಿ ವೀಸಾ ಸದ್ಯಕ್ಕೆ ಇಲ್ಲ ಎನ್ನುವ 221(ಜಿ) ಚೀಟಿ ಕೊಟ್ಟರೆ ಗಾಬರಿಯಾಗಬೇಡಿ, ರಿಪೋರ್ಟ್ ಬರುವ ತನಕ ಫೈಲು ನಿಂತಿರುತ್ತದೆ, ಅಷ್ಟೇ. ಮೊದಲೇ ಬೇರೆ ಡಾಕ್ಟರಿಂದ ಸರ್ಟಿಫಿಕೇಟ್ ತಂದಿದ್ದರೂ ಈ ಪರೀಕ್ಷೆ ತಪ್ಪುವುದಿಲ್ಲ. ಡಾಕ್ಟರು ನೋಡುವುದು ಕುಡಿತ ಚಟವಾಗಿದೆಯೇ, ಅದರಿಂದ ಇತರರಿಗೆ ಅಪಾಯವಿದೆಯೇ ಎಂದು. ಚಟ ಎಂದು ಬರೆದರೆ ಕನಿಷ್ಠ 12 ತಿಂಗಳು ಅದರಿಂದ ದೂರವಿದ್ದದ್ದನ್ನು ತೋರಿಸಬೇಕಾಗುತ್ತದೆ. ಹಾಗಾಗಿ ಎಷ್ಟು ಕುಡಿಯುತ್ತೀರಿ ಎಂಬುದಕ್ಕೆ ಪೊಲೀಸ್ ರಿಪೋರ್ಟಿಗೆ ಒಂದು, ಡಾಕ್ಟರಿಗೆ ಇನ್ನೊಂದು ಹೇಳಬೇಡಿ.

ಕಾಗದಗಳಲ್ಲಿ ಮುಖ್ಯವಾದದ್ದು ಕೋರ್ಟಿನ ಸೀಲು ಇರುವ ಸರ್ಟಿಫೈಡ್ ಡಿಸ್ಪೊಸಿಷನ್, ಅಂದರೆ ಕೇಸು ಹೇಗೆ ಮುಗಿಯಿತು ಎಂಬ ಪತ್ರ. ವೆಬ್‌ಸೈಟಿನ ಪ್ರಿಂಟೌಟ್ ಸಾಲದು. ಜೊತೆಗೆ ಪೊಲೀಸ್ ರಿಪೋರ್ಟ್, ದಂಡದ ರಸೀದಿ, ಡಿಯುಐ ಕ್ಲಾಸ್ ಮತ್ತು ಪ್ರೊಬೇಷನ್ ಮುಗಿದ ಪತ್ರ. ರೆಕಾರ್ಡ್ ಸೀಲ್ ಮಾಡಿಸುವ (ಹೊರಗಿನವರಿಗೆ ಕಾಣದಂತೆ ಮುಚ್ಚಿಸುವ) ಯೋಚನೆಯಿದ್ದರೆ ಅದಕ್ಕೂ ಮೊದಲೇ ಎರಡು ಮೂರು ಪ್ರತಿ ತೆಗೆದಿಡಿ, ಆಮೇಲೆ ಕೋರ್ಟ್ ಕ್ಲರ್ಕ್ ಬಳಿ ಸಿಗುವುದು ಕಷ್ಟ.

ಮಕ್ಕಳ ರಜೆಯ ಕೊನೇ ವಾರಕ್ಕೆ ಎಲ್ಲರ ರಿಟರ್ನ್ ಟಿಕೆಟ್ ಒಟ್ಟಿಗೆ ಮಾಡಿಸಬೇಡಿ. ಒಬ್ಬರು ಊರಲ್ಲೇ ಉಳಿದರೆ ಮಕ್ಕಳ ಜೊತೆ ಯಾರು ಹೋಗುತ್ತಾರೆ, ಅವರ ವೀಸಾ ಸರಿಯಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ನಯಾಗರದ ಆಚೆ ದಡಕ್ಕೆ ಸುಮ್ಮನೆ ದಾಟುವುದೂ ಬೇಡ. ಕೆನಡಾ 2018ರ ಡಿಸೆಂಬರ್‌ನಿಂದ ಕುಡಿದು ಗಾಡಿ ಓಡಿಸುವುದನ್ನು ಗಂಭೀರ ಅಪರಾಧವಾಗಿ ನೋಡುತ್ತದೆ. ಒಂದೇ ಕನ್ವಿಕ್ಷನ್ ಸಾಕು, ವಿಶೇಷ ಪರವಾನಗಿ ಇಲ್ಲದೆ ಗಡಿಯಿಂದಲೇ ವಾಪಸ್ ಕಳಿಸಬಹುದು.

ಅರೆಸ್ಟ್ ಆದಾಗ ಕಾರಿನಲ್ಲಿ ಮಗು ಇದ್ದರೆ ಮೇಲಿನ ಯಾವ ಸಮಾಧಾನವನ್ನೂ ನೆಚ್ಚಬೇಡಿ. ನ್ಯೂಯಾರ್ಕಿನಲ್ಲಿ 16ರೊಳಗಿನ ಮಗು ಜೊತೆಗಿದ್ದರೆ ಮೊದಲ ಸಲವೇ ಫೆಲನಿ, ಅಂದರೆ ಗಂಭೀರ ಅಪರಾಧ. ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಚಾರ್ಜಿನಲ್ಲಿ ತಪ್ಪೊಪ್ಪಿದರೆ ಗ್ರೀನ್ ಕಾರ್ಡ್ ಇದ್ದವರಿಗೂ ಗಡೀಪಾರಿನ ಭಯವಿದೆ. ಕ್ರಿಮಿನಲ್ ವಕೀಲರು ‘ಸಣ್ಣ ಡೀಲ್, ಸಹಿ ಹಾಕಿ’ ಅಂದರೂ, ಸಹಿಗೆ ಮೊದಲು ಆ ಚಾರ್ಜಿನ ಸೆಕ್ಷನ್ ನಂಬರನ್ನು ಇಮಿಗ್ರೇಷನ್ ವಕೀಲರಿಗೆ ಕಳಿಸಿ ಕೇಳಿ.