ಪದಚರ್ಚೆ: ಕೇಸ್ಡ್, ಫ್ಲ್ಯಾಶ್ಡ್, ಸ್ಟೇನ್ಡ್ – ಮೂರಕ್ಕೂ ‘ಬಣ್ಣಲೇಪಿತ ಗಾಜು’ ಸಾಕೇ?

ಪ್ರಶ್ನೆ: 19ನೇ ಶತಮಾನದ ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಹೂದಾನಿ, ಲೋಟಗಳ ವಿವರಪಟ್ಟಿಯನ್ನು ಕನ್ನಡಕ್ಕೆ ತರಬೇಕಿದೆ. ಗಾಜಿಗೆ ಬಣ್ಣ ಕೊಡುವ ವಿಧಾನಗಳನ್ನು ಹೇಳುವ ಮೇಲಿನ ಮೂರು ಇಂಗ್ಲಿಷ್ ಪದಗಳಿಗೂ ‘ಬಣ್ಣಲೇಪಿತ’ ಎನ್ನಬಹುದೇ? ಸ್ಟೇನ್ಡ್‌ಗೆ ‘ಕಲೆಗಾಜು’ ಸರಿಯೇ? ಕ್ಯಾಮಿಯೊಗೆ ಯಾವ ಪದ?

ಉತ್ತರ: ವಿಧಾನಗಳು ಬೇರೆಯಾದ್ದರಿಂದ ಮೂರಕ್ಕೂ ಒಂದೇ ಪದ ಸಾಲದು. ದಯವಿಟ್ಟು ‘ಕಲೆಗಾಜು’ ಕೂಡ ಬೇಡ. ಕನ್ನಡದಲ್ಲಿ ಕಲೆ ಎಂದರೆ ಮಚ್ಚೆಯೂ ಹೌದು, ಕುಶಲಕಲೆಯೂ ಹೌದು. ಆರ್ಟ್ ಗ್ಲಾಸ್‌ಗೆ ‘ಕಲಾಗಾಜು’ ಎನ್ನುವವರಿಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ಮೇಲಾಗಿ ಮೈಸೂರು ಅರಮನೆಯ ಕಲ್ಯಾಣಮಂಟಪದ ಚಾವಣಿಯನ್ನು ನೋಡಿದವರಿಗೆ ಸ್ಟೇನ್ಡ್ ಗ್ಲಾಸ್ ಎಂದರೆ ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿದ್ದು. ಲೋಟದ ಮೇಲಿನ ಸ್ಟೇನ್ ಬೇರೆಯೇ. ತಾಮ್ರದ ಅಥವಾ ಬೆಳ್ಳಿಯ ಸಂಯುಕ್ತವನ್ನು ಗಟ್ಟಿ ಲೇಪದಂತೆ ಕಲಸಿ, ತಣ್ಣಗಿನ ಗಾಜಿಗೆ ಬಳಿದು ಗೂಡಿನಲ್ಲಿ ಕಾಯಿಸುತ್ತಾರೆ. ಆಮೇಲೆ ಆ ಲೇಪವನ್ನು ಉಜ್ಜಿ ತೆಗೆದರೆ ಬಣ್ಣ ಗಾಜಿನ ಮೈಯೊಳಗೇ ಉಳಿದಿರುತ್ತದೆ. ತಾಮ್ರದಿಂದ ಕೆಂಪು, ಬೆಳ್ಳಿಯಿಂದ ಹಳದಿ. ಬೊಹೀಮಿಯಾದಲ್ಲಿ ಇದನ್ನು ಬಳಕೆಗೆ ತಂದವನು ಫ್ರೀಡ್ರಿಕ್ ಎಗರ್ಮನ್. ಬಟ್ಟೆಗೆ ಬಣ್ಣ ಹತ್ತಿತು ಎನ್ನುತ್ತೇವಲ್ಲ, ಹಾಗೆ ‘ಬಣ್ಣ ಹತ್ತಿಸಿದ ಗಾಜು’ ಎನ್ನಿ.

ಕೇಸ್ಡ್‌ನಲ್ಲಿ ಬಣ್ಣದ ಗಾಜೇ ಒಂದು ದಪ್ಪ ಪದರ. ಎರಡೂ ಗಾಜು ಬಿಸಿಯಿರುವಾಗಲೇ ಬೆಸೆದು ಊದುತ್ತಾರೆ. ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಬಿರುಕು ಬಿಡಬಹುದು. ಇದು ‘ಪದರಗಾಜು’. ಫ್ಲ್ಯಾಶ್ಡ್ ಎಂದರೆ ಕಾದ ಗಾಜಿನ ಉಂಡೆಯನ್ನು ಕರಗಿದ ಬಣ್ಣದ ಗಾಜಿನಲ್ಲಿ ಅದ್ದಿ ತೆಗೆದದ್ದು, ಹಾಗಾಗಿ ‘ತೆಳುಪದರ ಗಾಜು’.

ವಿವರ ಬರೆಯುವ ಮುನ್ನ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ, ವಿನ್ಯಾಸಕ್ಕಾಗಿ ಸಾಣೆ ಹಿಡಿದು ಕೊರೆದಲ್ಲಿನ ಇಳಿಜಾರನ್ನು ನೋಡಿ. ಪದರಗಾಜಾದರೆ ಬಣ್ಣದ ಪಟ್ಟಿ ಅಗಲವಾಗಿ ಕಾಣುತ್ತದೆ, ತೆಳುಪದರದಲ್ಲಿ ಬರೀ ಗೆರೆ. ಹತ್ತಿಸಿದ ಬಣ್ಣಕ್ಕೆ ದಪ್ಪವೇ ಕಾಣದು. ಲೋಟದ ಅಂಚು, ಪಾದ ಸವೆದಲ್ಲಿ ಬಣ್ಣವಿಲ್ಲದ ಗಾಜು ಇಣುಕುತ್ತದೆ. ಕೆರೆದು ಮಾತ್ರ ಪರೀಕ್ಷಿಸಬೇಡಿ, ಹೋದ ಬಣ್ಣ ಮರಳದು. ಮಾರುವವರು ‘ರೂಬಿ ಫ್ಲ್ಯಾಶ್’ ಎನ್ನುವ ಅಮೆರಿಕದ ನೆನಪಿನ ಕಾಣಿಕೆಯ ಕೆಂಪು ಲೋಟಗಳಲ್ಲಿ ಬಹುಪಾಲು ಹತ್ತಿಸಿದ ಬಣ್ಣದವೇ. ಚೀಟಿಯ ಪದವನ್ನು ಹಾಗೆಯೇ ಅನುವಾದಿಸಿದರೆ ತಪ್ಪೂ ಜೊತೆಗೆ ಬರುತ್ತದೆ.

ಕ್ಯಾಮಿಯೊ ಪದರದ ಹೆಸರಲ್ಲ, ಕೆತ್ತನೆಯದು: ಮೇಲಿನ ಪದರವನ್ನು ತೆಗೆದು ಚಿತ್ರವನ್ನು ಉಬ್ಬಾಗಿ ಉಳಿಸುವುದು. ‘ಪದರದ ಉಬ್ಬುಕೆತ್ತನೆ’ ಎಂದರೆ ತಿಳಿಯುತ್ತದೆ. ಪ್ರಾಚೀನ ರೋಮಿನ ಪೋರ್ಟ್‌ಲ್ಯಾಂಡ್ ಹೂದಾನಿಯನ್ನು ನೋಡಿ ಇಂಗ್ಲಿಷ್ ಗಾಜುಕರ್ಮಿ ಜಾನ್ ನಾರ್ತ್‌ವುಡ್ 1876ರಲ್ಲಿ ಮುಗಿಸಿದ ಪ್ರತಿಯಲ್ಲಿ ಕೈಕೆಲಸವೇ ಹೆಚ್ಚು. ಫ್ರಾನ್ಸಿನ ಎಮಿಲ್ ಗಾಲೆಯ ಕಾರ್ಖಾನೆಯ ಸಾಮಾನ್ಯ ಹೂದಾನಿಗಳಲ್ಲಿ ಉಳಿಯಬೇಕಾದ ಭಾಗಕ್ಕೆ ರಕ್ಷಣೆಯ ಲೇಪ ಹಚ್ಚಿ, ಉಳಿದದ್ದನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಕರಗಿಸಲಾಗಿದೆ. ಬೆಲೆಯಲ್ಲಿ ಅಜಗಜಾಂತರ, ಹಾಗಾಗಿ ವಿಧಾನವನ್ನೂ ಬರೆಯಿರಿ: ‘ಪದರಗಾಜು, ನೀಲಿಯ ಮೇಲೆ ಬಿಳಿ, ಆಮ್ಲದಿಂದ ಕರಗಿಸಿದ ಉಬ್ಬುಚಿತ್ರ, ಸಾಣೆಚಕ್ರದಲ್ಲಿ ತಿದ್ದಿದ್ದು.’